ಬಣ್ಣ ಏರುವಷ್ಟು ಹೊತ್ತು

ಮೂಡಲಗಿಯಲ್ಲಿ ನಮ್ಮ ಸ್ಟುಡಿಯೋ ಇದ್ದ ಜಾಗದಲ್ಲಿ ಈಗ ಮೊಬೈಲ್ ಕವರು ಮಾರುತ್ತಾರೆ. ಹೋದ ವಾರ ತವರಿಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ನೋಡಿದೆ. ಬೋರ್ಡಿನ ಮೇಲೆ ಪುಟ್ಟ ದೀಪದ ಅಕ್ಷರಗಳು ಕೆಂಪು, ಹಸಿರು, ನೀಲಿ ಎಂದು ಕಣ್ಣು ಕುಕ್ಕುತ್ತಾ ಓಡುತ್ತಿದ್ದವು. ಮಾವಶಿ ಇದ್ದಿದ್ದರೆ ಬಸ್ಸು ನಿಲ್ಲಿಸಿ ಇಳಿದು, "ಮಂದಿಗೆ ಓದಾಕರ ಬಿಡ್ರ್ಯೋ! ಅಕ್ಷರದ ಬೆನ್ನ ಹತ್ತಿದ್ದ ನಾಯಿ ಯಾವುದು?" ಎಂದು ಅಂಗಡಿಯವನನ್ನು ಕೇಳಿಯೇ ಮುಂದೆ ಹೋಗುತ್ತಿದ್ದಳು. ಅವಳು ತೀರಿಕೊಂಡು ವರ್ಷ ತುಂಬಿತು. ಬೈಸಿಕೊಳ್ಳಬೇಕಾದವರು ಆರಾಮಾಗಿದ್ದಾರೆ.

ಮಾವಶಿ ಎಂದರೆ ನಮ್ಮ ಕಡೆ ಚಿಕ್ಕಮ್ಮ. ನನಗೆ ಅವಳು ರಕ್ತ ಸಂಬಂಧಿಯಲ್ಲ, ಸ್ಟುಡಿಯೋದ ಒಡತಿ. ಆದರೆ ಇಡೀ ಮೂಡಲಗಿ ಅವಳನ್ನು ಮಾವಶಿ ಎಂದೇ ಕರೆಯುತ್ತಿತ್ತು, ಅವಳಿಗಿಂತ ಹಿರಿಯರು ಕೂಡ. ಎದುರಿಗೆ ಬಹುವಚನ, ಬೆನ್ನ ಹಿಂದೆ ಏಕವಚನ. ಪ್ರೀತಿಯವರಿಗೆ ನಾವು ಮಾಡುವುದೇ ಹಾಗೆ, ಅದಕ್ಕೇ ಇಲ್ಲಿಯೂ ಏಕವಚನದಲ್ಲೇ ಬರೆಯುತ್ತಿದ್ದೇನೆ. ದಪ್ಪ ಫ್ರೇಮಿನ ಚಾಳೀಸು, ಎರಡೂ ಕೈಗೆ ಡಜನ್ ಡಜನ್ ಹಸಿರು ಬಳೆ, ಬಲಗೈ ಬಳೆಗಳನ್ನು ಮೌಸ್ ಹಿಡಿಯುವಾಗ ಮೊಣಕೈತನಕ ಏರಿಸಿ ಕೂರುವ ಗತ್ತು. ಗಂಡ ಹೋದ ಮೇಲೆ ಬಳೆ ತೆಗೆಯಬೇಕೆಂದು ಹೇಳಲು ಬಂದಿದ್ದ ಹೆಂಗಸರಿಗೆ ಚಹಾ ಕುಡಿಸಿ, "ಬಳಿ ನಮ್ಮವ್ವ ತೊಡಿಸಿದ್ದು, ಅಂವಲ್ಲ" ಎಂದು ಕಳಿಸಿದ್ದಳಂತೆ. ಮತ್ತೆ ಯಾರೂ ಆ ಮಾತು ಎತ್ತಲಿಲ್ಲ.

ಗಂಡ ಫೋಟೋಗ್ರಾಫರ್. ಅವನು ತೀರಿದಾಗ ಸ್ಟುಡಿಯೋದಲ್ಲಿ ಒಂದು ಕ್ಯಾಮೆರಾ, ಒಂದು ಕಂಪ್ಯೂಟರ್ ಉಳಿದವು. ಕ್ಯಾಮೆರಾಗಿಂತ ಕಂಪ್ಯೂಟರ್ ವಾಸಿ, ಅದಕ್ಕೆ ಬಿಸಿಲಲ್ಲಿ ನಿಲ್ಲಬೇಕಾಗಿಲ್ಲ ಎಂದು ತೀರ್ಮಾನಿಸಿ ನಲವತ್ತಾರನೇ ವಯಸ್ಸಿನಲ್ಲಿ ಗೋಕಾಕಿನ ಕ್ಲಾಸಿಗೆ ಸೇರಿದಳು. ಪಕ್ಕದಲ್ಲಿ ಕೂತವರೆಲ್ಲ ಮೀಸೆ ಮೂಡದ ಹುಡುಗರು. ಮೆನುವೆಲ್ಲ ಇಂಗ್ಲಿಷು, ಮಾವಶಿಗೆ ಇಂಗ್ಲಿಷಿನಲ್ಲಿ ಬರುತ್ತಿದ್ದುದು ಬಸ್ಸಿನ ನಂಬರು ಮಾತ್ರ. ಆದರೂ ಮೂರು ತಿಂಗಳಲ್ಲಿ ಫೋಟೋ ತಿದ್ದುವ ಸಾಫ್ಟ್‌ವೇರ್ ಕಲಿತು ಬಂದಳು, ಅದೂ ಅಕ್ಷರ ಓದಿ ಅಲ್ಲ, ಸಾಲು ಎಣಿಸಿ. "ಮ್ಯಾಲಿಂದ ಮೂರನೇದು ಒತ್ತು, ಅದರಾಗ ಕೆಳಗಿಂದ ಐದನೇದು." ಇದೇ ಅವಳ ಪಾಠ. ಕಂಪನಿಯವರು ಹೊಸ ಆವೃತ್ತಿ ಬಿಟ್ಟಾಗ ಲೋಕವೆಲ್ಲ ಹಿಗ್ಗಿದರೆ ಇವಳಿಗೆ ಸಿಟ್ಟು. ಒಮ್ಮೆ ರಿಪೇರಿಯವನು ಕೇಳದೆ ಹೊಸದನ್ನು ಹಾಕಿಬಿಟ್ಟ. ಮೂರನೆಯದು ನಾಲ್ಕನೆಯದಾಗಿ, ಅರ್ಧ ದಿನದ ಕೆಲಸ ಅಳಿಸಿಹೋಯಿತು. "ನಮ್ಮ ಮನ್ಯಾಗಿನ ಡಬ್ಬಿ ನೀ ಯಾಕ ಸರಿಸಿದ್ಯೋ?" ಎಂದು ಅವನಿಗೆ ಬೈದು, ಹಳೆಯದನ್ನೇ ವಾಪಸು ಹಾಕಿಸಿಕೊಂಡಳು. ಕೊನೆಯವರೆಗೂ ಅದರಲ್ಲೇ ದುಡಿದಳು.

ನಾನು ಕಲ್ಲೋಳಿಯವಳು. ಡಿಗ್ರಿ ಮುಗಿಸಿ ಅವಳ ಕೈಕೆಳಗೆ ಸೇರುವ ಹೊತ್ತಿಗೆ ಫೋಟೋ ತೆಗೆಸುವವರು ಕಡಿಮೆಯಾಗಿದ್ದರು. ಎಲ್ಲರ ಕೈಯಲ್ಲೂ ಫೋನು. ಮಾವಶಿ ಹಿಡಿದದ್ದು ಬಣ್ಣ ಬದಲಿಸುವ ಅಕ್ಷರಗಳನ್ನು. ಮದುವೆ, ನಾಮಕರಣ, ಗೃಹಪ್ರವೇಶ, ಸೊಸೈಟಿ ಎಲೆಕ್ಷನ್ನು, ಏನೇ ಇರಲಿ, ಹೆಸರು ಮಿನುಗಬೇಕು, ವಾಟ್ಸಾಪಿನಲ್ಲಿ ಹರಿದಾಡಬೇಕು. ಈಗ ಅದನ್ನು ಮಾಡಿಕೊಡುವ ಆಪ್‌ಗಳು ಬೇಕಾದಷ್ಟಿವೆ. ಮಾವಶಿ ಒಂದೊಂದನ್ನೂ ಕೈಯಿಂದ ಮಾಡುತ್ತಿದ್ದಳು. ಹೆಸರು ಬರೆಯುವುದು, ಅದರ ಮೇಲೆ ಅದೇ ಹೆಸರಿನ ಇನ್ನೊಂದು ಪದರ, ಅದಕ್ಕೆ ಬೇರೆ ಬಣ್ಣ, ಅದರ ಮೇಲೆ ಮತ್ತೊಂದು. ಪ್ರತಿ ಪದರದ ಪಕ್ಕ ಒಂದು ಪುಟ್ಟ ಕಣ್ಣಿನ ಗುರುತು. ಕಣ್ಣು ತೆರೆದರೆ ಆ ಬಣ್ಣ ಕಾಣುತ್ತದೆ, ಮುಚ್ಚಿದರೆ ಅಡಗುತ್ತದೆ. ಒಂದು ಚೌಕಟ್ಟಿನಲ್ಲಿ ಕೆಂಪಿನ ಕಣ್ಣು ತೆರೆ, ಮುಂದಿನದರಲ್ಲಿ ಅದನ್ನು ಮುಚ್ಚಿ ಹಳದಿಯದನ್ನು ತೆರೆ. ಯಾವುದು ಎಷ್ಟು ಹೊತ್ತು ನಿಲ್ಲಬೇಕೆಂದು ಹೇಳು. ಮುಗಿಯಿತು, ಅಕ್ಷರ ಕುಣಿಯುತ್ತದೆ.

"ಪದರ ಚಪಾತಿ ಮಾಡಾಕ ಬರತೈತಿಲ್ಲೋ ನಿನಗ? ಹಂಗ ಇದು" ಎಂದಿದ್ದಳು ಮೊದಲ ದಿನ. ನನಗೆ ಪದರ ಚಪಾತಿ ಬರುತ್ತಿರಲಿಲ್ಲ. ಆದರೂ ಹೂಂ ಎಂದೆ.

ಕಷ್ಟವಿದ್ದದ್ದು ಆ "ಎಷ್ಟು ಹೊತ್ತು" ಎಂಬಲ್ಲಿ. ಬೇರೆ ಸ್ಟುಡಿಯೋದವರು ಕಾಲು ಸೆಕೆಂಡು, ಅರ್ಧ ಸೆಕೆಂಡು ಎಂದು ಎಲ್ಲದಕ್ಕೂ ಒಂದೇ ಲೆಕ್ಕ ಹಾಕಿ ಬಿಡುತ್ತಿದ್ದರು. ಮಾವಶಿ ಹೆಸರನ್ನು ಗಟ್ಟಿಯಾಗಿ ಓದುತ್ತಾ ಬಳೆಗಳಿಂದ ಮೇಜಿಗೆ ತಾಳ ಹಾಕಿ ಹೊತ್ತು ಗೊತ್ತುಮಾಡುತ್ತಿದ್ದಳು. ಕಣ್ಣು ಮಂಜಾದ ಅಜ್ಜನೂ ಓದಿ ಮುಗಿಸಿದ ಮೇಲೆ ಬಣ್ಣ ಬದಲಾಗಬೇಕು ಎಂಬುದು ಅವಳ ಕಾನೂನು. "ಹೆಸರ ಅಂದ್ರ ಮನಿಗೆ ಬಂದ ಬೀಗರಿದ್ದಂಗ. ಕೂಡೂ ಮೊದಲ ಎಬ್ಬಿಸಬಾರದು."

ಇಷ್ಟು ಎಚ್ಚರಿಕೆಯವಳೂ ಒಮ್ಮೆ ಪೇಚಿಗೆ ಸಿಕ್ಕಳು. ಕುಲಗೋಡದ ಒಂದು ಮದುವೆ. ಹಾಲ್‌ನ ಪರದೆಗೆ ಗಂಡಿನ ಮನೆತನ, ಹೆಣ್ಣಿನ ಮನೆತನ, ಎರಡರ ಹೆಸರೂ ಒಂದಾದ ಮೇಲೊಂದು ಬಣ್ಣ ಏರಿ ಇಳಿಯುವ ಹಾಗೆ ಮಾಡಿದ್ದಳು. ಗಂಡಿನ ಮನೆತನವೇ ಮೊದಲು, ರೂಢಿ ತಪ್ಪಿಸಿರಲಿಲ್ಲ. ಆದರೆ ಈ ಚಿತ್ರ ಮುಗಿದ ಕೂಡಲೇ ಮತ್ತೆ ಮೊದಲಿಂದ ಸುತ್ತುತ್ತದೆ. ಗಂಡಿನ ದೊಡ್ಡಪ್ಪ ಒಳಗೆ ಕಾಲಿಟ್ಟಾಗ ಪರದೆಯ ಮೇಲೆ ಹೆಣ್ಣಿನ ಮನೆತನ ಬೆಳಗುತ್ತಿತ್ತು, ಆಮೇಲೆ ಗಂಡಿನದು ಬಂತು. ನಮ್ಮ ಹೆಸರು ಹಿಂದೆ ಹಾಕಿದರು ಎಂದು ಆತ ತಲೆಯ ಪಟಕಾ ಬಿಚ್ಚಿ ಹೊರಗೆ ಕೂತುಬಿಟ್ಟ. ಸಮಾಧಾನಕ್ಕೆ ಹೋದವರಲ್ಲೂ ಎರಡು ಪಂಗಡ, ಯಾರು ಯಾವಾಗ ಒಳಗೆ ಬಂದಿದ್ದರೋ ಹಾಗೆ. ಮಾವಶಿಗೆ ಹೇಳಿಕಳಿಸಿದರು. ಅವಳು ಹೋಗಿ ಆತನ ಪಕ್ಕದಲ್ಲೇ ಕೂತು, "ಕಾಕಾ, ಗಾಣ ಸುತ್ತೂ ಎತ್ತಿಗೆ ಹಿಂದ ಯಾವುದ್ರಿ, ಮುಂದ ಯಾವುದ್ರಿ?" ಎಂದು ಕೇಳಿದಳಂತೆ. ಆತ ಯೋಚನೆ ಮಾಡಿ, "ನಮ್ಮನ್ನ ಎತ್ತ ಅಂದೀ ಏನ?" ಎಂದನಂತೆ. ಅಲ್ಲಿಗೆ ನಗು ಎದ್ದು ಜಗಳ ಬಿತ್ತು. ಅಂದಿನಿಂದ ಎರಡು ಮನೆತನಗಳನ್ನು ಅಕ್ಕಪಕ್ಕ ಇಟ್ಟು ಒಟ್ಟಿಗೇ ಬಣ್ಣ ಏರಿಸುತ್ತಿದ್ದಳು.

ಅವಳಲ್ಲಿ ಎಲ್ಲವೂ ಹೊಗಳುವಂಥದೇ ಇತ್ತೆಂದಲ್ಲ. ಬಾಯಿ ಬಹಳ ಹರಿತ. ಒಳ್ಳೆಯ ಮೌಸನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ ನನಗೆ ಸವೆದದ್ದನ್ನು ಕೊಡುತ್ತಿದ್ದಳು. ಇನ್ನು ಮದುವೆಮನೆಗಳಲ್ಲಂತೂ ಅವಳ ಹೆಸರು ಕೇಳಿದರೆ ಹೊಸ ಜೋಡಿಗಳಿಗೆ ನಡುಕ. ನಮ್ಮ ಕಡೆ ಮದುಮಕ್ಕಳು ಹೊಸ್ತಿಲು ದಾಟುವಾಗ ಹೆಂಗಸರು ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ. ಗಂಡ ಹೆಂಡತಿಯ ಹೆಸರು, ಹೆಂಡತಿ ಗಂಡನ ಹೆಸರು ಹೇಳಬೇಕು. ಬರೀ ಹೆಸರಲ್ಲ, ಪ್ರಾಸ ಕಟ್ಟಿ ಒಡಪಿನಲ್ಲಿ ಹೇಳಬೇಕು. ಉಳಿದ ದಿನ ಒಬ್ಬರ ಹೆಸರನ್ನು ಒಬ್ಬರು ಎತ್ತದ ಊರುಗಳಲ್ಲಿ ಅದೊಂದೇ ದಿನ ಎಲ್ಲರ ಎದುರು ಬಾಯಿಬಿಟ್ಟು ಹೇಳುವುದು. ಬಾಗಿಲು ಹಿಡಿದು ನಿಲ್ಲುವವರಲ್ಲಿ ಮಾವಶಿಯೇ ಮುಂದಾಳು. ದನಿ ಸಣ್ಣದಾದರೆ "ಕೇಳಿಸಲಿಲ್ಲ", ಪ್ರಾಸ ಸಡಿಲಾದರೆ "ಇನ್ನೊಂದು". ಒಮ್ಮೆ ಒಬ್ಬ ಪೊಲೀಸ್ ಮದುಮಗನಿಗೆ ನಾಲ್ಕು ಸಲ ಹೇಳಿಸಿ ಬೆವರಿಳಿಸಿದ್ದಳು.

ನನಗೆ ಅಂಥ ಬಾಗಿಲುಗಳೆಂದರೆ ಜೀವ ಹೋಗುತ್ತಿತ್ತು. ಏಕೆಂದರೆ ನನಗೆ ಉಗ್ಗು.

ಚಿಕ್ಕಂದಿನಿಂದ ಇದೆ. ಎಲ್ಲ ಮಾತಿಗೂ ಇಲ್ಲ. ಒಂದು ಶಬ್ದ ಬಾರದಿದ್ದರೆ ಅದರ ಬದಲು ಇನ್ನೊಂದನ್ನು ಹಾಕಿ ದಾಟಿಬಿಡುತ್ತಿದ್ದೆ. ಹೆಸರಿಗೆ ಮಾತ್ರ ಬದಲು ಶಬ್ದವಿಲ್ಲ. ಅದು ಗಂಟಲಲ್ಲೇ ಬೇರು ಬಿಟ್ಟು ಕೂರುತ್ತದೆ. ಸ್ಟುಡಿಯೋದಲ್ಲಿ ಒಂದು ನಿಯಮವಿತ್ತು: ಕೆಲಸ ಹೊರಗೆ ಹೋಗುವ ಮೊದಲು ಮಾಡಿದವರು ಅದನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಕೇಳಬೇಕು. ಸೇರಿದ ವಾರದಲ್ಲೇ ಒಂದು ತೊಟ್ಟಿಲ ಕಾರ್ಯಕ್ರಮದ ಹೆಸರನ್ನು ಓದುವಾಗ ಸಿಕ್ಕಿಹಾಕಿಕೊಂಡೆ. ತುಟಿ ಒತ್ತಿಕೊಂಡು ಹಾಗೇ ನಿಂತಿತು. ಮನೆಯಲ್ಲಿ ಅವ್ವ, ಕಾಲೇಜಿನಲ್ಲಿ ಗೆಳತಿಯರು, ಎಲ್ಲರೂ ಪಾಪವೆಂದು ನನ್ನ ಶಬ್ದವನ್ನು ತಾವೇ ಮುಗಿಸಿಕೊಡುತ್ತಿದ್ದರು. ಮಾವಶಿ ಮುಗಿಸಿಕೊಡಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. ಚಾಳೀಸು ತೆಗೆದು ಸೆರಗಿನಲ್ಲಿ ಒರೆಸುತ್ತಾ ಕೂತಳು. ಹೆಸರು ಹೊರಬಂದ ಮೇಲೆ ಚಾಳೀಸು ಹಾಕಿಕೊಂಡು, "ಹಾಂ, ಮುಂದ?" ಎಂದಳು. ಆವತ್ತು ಬಸ್ಸಿನಲ್ಲಿ ಮನೆಗೆ ಹೋಗುವಾಗ ಅತ್ತುಬಿಟ್ಟೆ. ದುಃಖಕ್ಕಲ್ಲ, ಯಾರೋ ಮೊದಲ ಸಲ ನನ್ನ ಮಾತನ್ನು ನನಗೇ ಬಿಟ್ಟಿದ್ದರು.

ಎರಡು ವರ್ಷದ ಮೇಲೆ ಗಂಡು ನೋಡಲು ಶುರುಮಾಡಿದರು. ಮೊದಲು ಹತ್ತರಗಿಯವರು ಬಂದರು. "ಹೆಸರೇನವಾ?" ಎಂದು ಕೇಳಿದರು. ನನ್ನ ಹೆಸರು ದಾಕ್ಷಾಯಣಿ. "ದಾ" ಎಂಬಲ್ಲಿ ಎಷ್ಟು ಹೊತ್ತು ನಿಂತೆನೋ, ಅವರ ಅವಲಕ್ಕಿ ತಿಂದು ಮುಗಿದಿತ್ತು. ಹೋದವರು ಮತ್ತೆ ಫೋನೂ ಮಾಡಲಿಲ್ಲ. ಆಮೇಲೆ ಹುಕ್ಕೇರಿಯವರು ಬಂದಾಗ ಅವ್ವ ನನಗಿಂತ ಮುಂದಾಗಿ, "ನಮ್ಮ ಹುಡುಗಿ ಮಾತ ಕಡಿಮಿರಿ, ಕೆಲಸ ಜಾಸ್ತಿ" ಎಂದು ಹೆಸರನ್ನೂ ತಾನೇ ಹೇಳಿಬಿಟ್ಟಳು. ನಾನು ತಲೆ ಆಡಿಸಿದೆ, ನಕ್ಕೆ, ಚಹಾ ಕೊಟ್ಟೆ. ಗಂಡು ಹೈಸ್ಕೂಲ್ ಮಾಸ್ತರ, ಹೆಸರು ಮಲ್ಲಿಕಾರ್ಜುನ. ಒಪ್ಪಿದರು. ಮನೆಯಲ್ಲಿ ಹಬ್ಬ. ನನಗೆ ಮಾತ್ರ ಹುಕ್ಕೇರಿಯ ಆ ಹೊಸ್ತಿಲು ಕಣ್ಣ ಮುಂದೆ. ಐವತ್ತು ಹೆಂಗಸರ ನಡುವೆ ನನ್ನ ಬಾಯಿ ಕಟ್ಟಿಕೊಳ್ಳುವುದು, ಮುಚ್ಚಿಟ್ಟು ಮದುವೆ ಮಾಡಿದರು ಎಂದು ಅಪ್ಪ ಅವ್ವನ ಮುಖಕ್ಕೆ ಮಾತು ಬರುವುದು.

ಮಾವಶಿಗೆ ಹೇಳಿದೆ. ಅವಳು ನನ್ನನ್ನು ಅಪ್ಪಿ ಸಮಾಧಾನ ಮಾಡುತ್ತಾಳೆ ಎಂದುಕೊಂಡಿದ್ದೆ. ಅವಳು ಬೈದಳು.

"ಹುಡುಗಗ ಹೇಳಿಲ್ಲೇನು? ಅಡಗಿಸಿ ಸಂಸಾರ ಮಾಡಾಕ ಅದೇನ ಕದ್ದ ಮಾಲ ಏನ?"

"ಹೇಳಿದ್ರ ಇದೂ ಮುರೀತೈತ್ರಿ. ನೀವೂ ಹೇಳಬ್ಯಾಡ್ರಿ, ನಿಮ್ಮ ಕಾಲ ಬೀಳತೇನಿ."

ಅವಳು ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಕಂಪ್ಯೂಟರಿನ ಕಡೆ ತಿರುಗಿ ಬಳೆ ಏರಿಸಿದಳು. "ಇಷ್ಟುದ್ದ ಹೆಸರಿನ ಗಂಡ ಎಲ್ಲಿ ಸಿಕ್ಕನ ನಿನಗ! ಹೂಂ, ಕೂಡು. ಒಡಪ ಕಟ್ಟೂಣು."

ಒಡಪು ಅವಳೇ ಕಟ್ಟಿದಳು:

"ಘಟಪ್ರಭಾ ದಾಟಿ ಬಂದೇನಿ, ದೂರ ಆತ ಊರ ದಾರಿ,
ಮಲ್ಲಿಕಾರ್ಜುನರ ಹೆಸರ ಹೇಳತೇನಿ, ಬಾಗಿಲ ಬಿಟ್ಟ ಸರೀರಿ."

ಅದನ್ನು ಪರದೆಯ ಮೇಲೆ ಬೂದಿ ಬಣ್ಣದಲ್ಲಿ ದಪ್ಪಗೆ ಬರೆದಳು. ಆಮೇಲೆ ಅವಳು ಮಾಡಿದ ಕೆಲಸವನ್ನು ಯಾವ ಆಪೂ ಮಾಡಲಾರದು. ಸಾಮಾನ್ಯವಾಗಿ ಇಡೀ ಹೆಸರು ಒಮ್ಮೆಗೇ ಬಣ್ಣ ಬದಲಿಸುತ್ತದೆ. ಇವಳು ಒಂದೊಂದು ಅಕ್ಷರವನ್ನೂ ಎಡದಿಂದ ಬಲಕ್ಕೆ ನಾಲ್ಕು ಪಾಲು ಮಾಡಿ, ಪಾಲಿಗೊಂದು ಕೆಂಪು ಪದರ ಇಟ್ಟಳು. ಬೂದಿ ಅಕ್ಷರದೊಳಗೆ ಕೆಂಪು ಮೆಲ್ಲಗೆ ತುಂಬಿಕೊಳ್ಳುತ್ತಾ ಹೋಗುವ ಹಾಗೆ, ಕಾಲುವೆಯ ನೀರು ಸಾಲಿನೊಳಗೆ ಏರುವ ಹಾಗೆ. ಎರಡು ಸಾಲಿಗೆ ನೂರರ ಮೇಲೆ ಪದರಗಳಾದವು. ಒಂದೊಂದರ ಕಣ್ಣನ್ನೂ ತೆರೆದು ಮುಚ್ಚಿ, ಮೂರು ಮಧ್ಯಾಹ್ನ ಊಟ ಬಿಟ್ಟು ಕೂತಳು. ಹೊತ್ತು ಗೊತ್ತುಮಾಡುವಾಗ ಈ ಸಲ ತಾನು ಓದಲಿಲ್ಲ. ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು, ನನ್ನ ಉಸಿರು ಏರಿ ಇಳಿಯುವುದನ್ನು ನೋಡುತ್ತಾ ಬಳೆ ತಟ್ಟಿದಳು. "ಮ" ಅಕ್ಷರಕ್ಕೆ ಉಳಿದೆಲ್ಲಕ್ಕಿಂತ ಹೆಚ್ಚು ಹೊತ್ತು ಕೊಟ್ಟಳು.

"ಬೂದಿ ಇರೂತನ ಬಾಯಿ ಮುಚ್ಚಿರು. ಕೆಂಪ ಒಳಗ ಬರಾಕತ್ತಿತಂದ್ರ ನೀನೂ ಉಸರ ಬಿಡು. ಅದರ ಮುಂದ ಓಡಬ್ಯಾಡ. ನೀ ಬಿದ್ದ ಸಾಯೂದು ಓಡಿದ್ದಕ್ಕ."

ನನಗೆ ಸಿಟ್ಟು ಬಂತು. ಅಂಗನವಾಡಿಯ ಮಗುವೇ ನಾನು ಎನಿಸಿತು. ಆದರೆ ಖರೆ ಹೇಳಬೇಕೆಂದರೆ, ನಾಲ್ಕನೇ ದಿನ "ಮ" ತಡೆಯಿಲ್ಲದೆ ಬಂತು. ಹತ್ತು ದಿನಕ್ಕೆ ಎರಡೂ ಸಾಲು ಬಂದವು. ಪರದೆ ಎದುರಿಗಿದ್ದರೆ ಮಾತ್ರ. ಅವಳು ಮಾನಿಟರ್ ಆರಿಸಿ "ಈಗ ಹೇಳು" ಅಂದರೆ ಮತ್ತೆ ಅದೇ ಕಲ್ಲು. "ಹೊಸ್ತಿಲಿಗೆ ಟಿವಿ ಕಟ್ಟಾಕ ಬರಂಗಿಲ್ಲವಾ, ಕಣ್ಣಾಗ ಇಟಗೊ ಇದನ್ನ" ಎಂದಳು. ಮದುವೆಗೆ ಆರು ದಿನ ಉಳಿದಿತ್ತು. ಕಣ್ಣು ಮುಚ್ಚಿದರೆ ಬೂದಿ ಅಕ್ಷರ ಕಾಣುತ್ತಿತ್ತು, ಕೆಂಪು ಏರುತ್ತಿರಲಿಲ್ಲ.

ಮದುವೆಯ ದಿನ ತಲೆಯ ಮೇಲೆ ಅಕ್ಕಿಕಾಳು ಬಿದ್ದವು, ಊಟವಾಯಿತು, ಇಳಿಹೊತ್ತಿಗೆ ಹುಕ್ಕೇರಿಯ ಮನೆ ಮುಟ್ಟಿದೆವು. ಹೆಣ್ಣಿನ ಕಡೆಯವಳಾಗಿ ಮಾವಶಿಯೂ ಟೆಂಪೋ ಹತ್ತಿ ಬಂದಿದ್ದಳು. ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರು, ಅದರ ಹಿಂದೆ ನನ್ನ ನಾದಿನಿ, ಅತ್ತೆಯ ತಂಗಿಯರು, ಓಣಿಯ ಹೆಂಗಸರು, ಗೋಡೆಯ ಹಾಗೆ.

"ಮೊದಲ ಗಂಡ ಹೇಳಲಿ!" ಎಂದು ನಾದಿನಿ ಕೂಗಿದಳು.

ನನ್ನ ಗಂಡ ಬಾಸಿಂಗ ಸರಿಮಾಡಿಕೊಂಡು ಶುರುಮಾಡಿದರು. "ಹುಕ್ಕೇರಿ... ಪ್ಯಾಟ್ಯಾಗ... ತಂದೇನಿ... ಹಸರ... ಬಳಿ..." ಒಂದೊಂದು ಶಬ್ದದ ನಡುವೆ ಒಂದು ಉಸಿರು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ದಾ..." ಎಂದು ನಿಲ್ಲಿಸಿದರು. ಸುಮ್ಮನೆ ನಿಂತರು. "ಕ್ಷಾ..." ಮತ್ತೆ ನಿಂತರು. "ಯ... ಣಿ..."

"ಏ ಮಲ್ಲೂ, ಹೇಂತಿ ಹೆಸರ ಮರತೀ ಏನೋ?" ಎಂದು ಯಾರೋ ಅಂದರು. ನಗೆಯ ಮೇಲೆ ನಗೆ. ಸಾಲಿಯಲ್ಲಿ ಮಕ್ಕಳಿಗೆ ಹೀಗೇ ಪಾಠ ಮಾಡುತ್ತಾನೇನೋ ಎಂದರು, ಬಸ್ಸು ಕೆಟ್ಟು ನಿಂತಿತು ಎಂದರು. ಅವರು ಕಿವಿಯ ತನಕ ಕೆಂಪಾದರು, ಆದರೆ ಅವಸರ ಮಾಡಲಿಲ್ಲ. "ಬಂದಿಂದ... ನಮ್ಮ ಮನಿಗೆ... ಬಂತ... ಕಳಿ" ಎಂದು ಅಷ್ಟೇ ನಿಧಾನಕ್ಕೆ ಮುಗಿಸಿದರು. ಅಷ್ಟು ಹೊತ್ತಿಗೆ ಓಣಿಯ ನಗೆಯೆಲ್ಲ ಅವರ ಮೇಲೆ ಖರ್ಚಾಗಿ ಹೋಗಿತ್ತು.

"ಈಗ ಮದುಮಗಳ! ನೀನೂ ಗಂಡನಂಗ ಎಳೀತಿ ಏನವಾ?"

ನಾನು ಬಾಯಿ ತೆರೆದೆ. ಘಟಪ್ರಭೆ ದಾಟಿದೆ. ಊರ ದಾರಿಯೂ ದಾಟಿತು. "ಮ" ಎಂಬಲ್ಲಿ ತುಟಿ ಅಂಟಿಕೊಂಡಿತು. ನಾನು ಅಂಜಿದ್ದ ಹೊತ್ತು ಅದೇ. ಆದರೆ ಎದುರಿಗೆ ನಿಂತವರು ನಗುಮುಖದಲ್ಲಿ ಕಾಯುತ್ತಿದ್ದರು, ಈ ಜೋಡಿಯ ಆಟವೇ ಹೀಗೆ ಎಂದು ತಿಳಿದು. ಕಾಯುವವರ ಮುಖ ಹಾಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಕಣ್ಣು ಮುಚ್ಚಿದೆ. ಬೂದಿ ಅಕ್ಷರ ಕಂಡಿತು, ಎಡ ಅಂಚಿನಿಂದ ಕೆಂಪು ಒಳಗೆ ಬಂತು, ಉಸಿರು ಬಿಟ್ಟೆ. ಮಲ್ಲಿಕಾರ್ಜುನ ಎಂಬ ಹೆಸರು ಪೂರಾ ಹೊರಗೆ ಬಂತು. ನಾದಿನಿ ಬಾಗಿಲು ಬಿಟ್ಟು ಸರಿದಳು. ಸೇರು ಒದ್ದು ಒಳಗೆ ಹೋದೆ.

ಸಂಜೆ ನಮ್ಮ ಕಡೆಯವರು ಹೊರಟಾಗ ಮಾವಶಿಯನ್ನು ತಡೆದು ನಿಲ್ಲಿಸಿದೆ. ಖುಷಿಗಿಂತ ಸಿಟ್ಟು ದೊಡ್ಡದಾಗಿತ್ತು.

"ಹೇ... ಹೇಳಬ್ಯಾಡ್ರಿ ಅಂತ ಕಾಲ ಬಿದ್ದಿದ್ದೆ. ಹೇಳಿದ್ರಿ ಹೌದಿಲ್ರಿ?"

"ನಾನಾಗಿ ಹೇಳಿಲ್ಲ" ಎಂದಳು ಮಾವಶಿ. "ಅಂವಗೂ ಒಂದ ಒಡಪ ಮಾಡಿ ಕಳಿಸಿದೆ, ನಿನ್ನ ಹೆಸರಿಂದು. ನಿನಗ ಮಾಡಿದ್ದಷ್ಟ ಸಾವಕಾಶ. ಮರುದಿನ ಫೋನ್ ಮಾಡಿ, 'ಇದ್ಯಾಕ್ರಿ ಇಷ್ಟ ಸಾವಕಾಶ ಐತಿ' ಅಂತ ಕೇಳಿದ. ಕೇಳಿದ ಮ್ಯಾಲ ಸುಳ್ಳ ಹೇಳಲೇನು? ಖರೆ ಹೇಳಿದೆ. ಸಂಸಾರ ಮಾಡಾಂವ ಅಂವ."

ಟೆಂಪೋದವನು ಹಾರ್ನ್ ಹೊಡೆಯುತ್ತಿದ್ದ. ನನ್ನ ಗಂಡ ಅಂಗಳದ ಆ ಕಡೆ ನಿಂತು ಅಪ್ಪನಿಗೆ ಎಲೆ ಅಡಿಕೆ ಕೊಡುತ್ತಿದ್ದರು.

"ಏನಂದ್ರು?"

ಮಾವಶಿ ಟೆಂಪೋದವನಿಗೆ ತಡಿ ಎಂದು ಕೈ ಮಾಡಿದಳು. "'ಹಂಗಾರ ನಂದು ಇನ್ನೂ ಸಾವಕಾಶ ಮಾಡಿ ಕಳಸ್ರಿ, ಮೊದಲ ನಾ ಹೇಳತೇನಿ' ಅಂದ."